ಎಂಟು ವಾರ, ಒಂದು ನೋಟ್‌ಬುಕ್: ಮಾನಸಿಕ ಚೇತರಿಕೆಗೆ ಅನುಭವಿಗಳೇ ನಡೆಸುವ ಗುಂಪು

"ಆಸ್ಪತ್ರೆಯಿಂದ ಮನೆಗೆ ಬಂದಾಗಿದೆ, ಮಾತ್ರೆ ನಡೆಯುತ್ತಿದೆ, ತಿಂಗಳಿಗೊಮ್ಮೆ ಹೋಗಿ ಚೀಟಿ ತೋರಿಸಿ ಬರುತ್ತೇವೆ. ಉಳಿದ ಇಪ್ಪತ್ತೊಂಬತ್ತು ದಿನ ಏನು ಮಾಡುವುದು?" ಮಂಗಳೂರು, ಉಡುಪಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಇರುವವರು, ಸ್ಕಿಜೋಫ್ರೇನಿಯಾಕ್ಕೆ (ಇಲ್ಲದ ಧ್ವನಿ ಕೇಳುವ, ಇಲ್ಲದ ಶಂಕೆ ಮೂಡುವಂಥ ಕಾಯಿಲೆ) ಚಿಕಿತ್ಸೆ ಪಡೆಯುವವರು, ವರ್ಷಗಟ್ಟಲೆ ಖಿನ್ನತೆಯೊಂದಿಗೆ ಬಾಳಿದವರು, ಅವರ ಮನೆಯವರು, ಎಲ್ಲರೂ ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು: "ನಮ್ಮಂಥವರೇ ನಾಲ್ಕು ಜನ ಸೇರಿ ಏನಾದರೂ ಮಾಡಬಹುದೇ?"

ಮಾಡಬಹುದು. ಹೊಸತೂ ಅಲ್ಲ. ಕುಡಿತ ಬಿಟ್ಟವರ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳನ್ನೂ ಮದ್ಯವರ್ಜನ ಶಿಬಿರದ ನಂತರದ ನವಜೀವನ ಸಮಿತಿಗಳನ್ನೂ ಕಂಡ ಊರು ನಮ್ಮದು. ಮಾನಸಿಕ ಕಾಯಿಲೆಯ ವಿಷಯದಲ್ಲಿ ಮಾತ್ರ ಇಂಥ ಗುಂಪು ಅಪರೂಪ. ಅದನ್ನು ಕಟ್ಟುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇವೆ.

ಮೊದಲು ಮೂರು ಪದಗಳು. "ಚೇತರಿಕೆ" ಅಂದರೆ ಲಕ್ಷಣಗಳೆಲ್ಲ ಮಾಯವಾಗುವುದು ಎಂದಲ್ಲ. ಲಕ್ಷಣ ಅಷ್ಟಿಷ್ಟು ಉಳಿದರೂ ಕೆಲಸ, ಮನೆ, ಗೆಳೆತನ ಇರುವ ಬದುಕನ್ನು ಮತ್ತೆ ಕಟ್ಟಿಕೊಳ್ಳುವುದು. "ಸ್ವಯಂ ನಿರ್ವಹಣೆ" ಅಂದರೆ ನನಗೆ ಯಾವುದು ಆಗಿಬರುತ್ತದೆ, ಯಾವುದು ಕೆಡಿಸುತ್ತದೆ ಎಂದು ತಿಳಿದು, ಬರೆದಿಟ್ಟು, ಅದರಂತೆ ನಡೆಯುವುದು. "ಪೀರ್" ಅಂದರೆ ಅದೇ ದಾರಿಯಲ್ಲಿ ನಡೆದು ಬಂದ ಜೊತೆಗಾರ. ಇವರು ಡಾಕ್ಟರಲ್ಲ, ಕೌನ್ಸೆಲರ್ ಅಲ್ಲ.

ಸಂಶೋಧನೆ ಏನು ಹೇಳುತ್ತದೆ

ಅಮೆರಿಕದ ವರ್ಮಾಂಟ್‌ನಲ್ಲಿ 1997ರಲ್ಲಿ ಮೇರಿ ಎಲೆನ್ ಕೋಪ್‌ಲ್ಯಾಂಡ್ ಮತ್ತು ಸಂಗಡಿಗರು ರೂಪಿಸಿದ "ರ‍್ಯಾಪ್" (ವೆಲ್ನೆಸ್ ರಿಕವರಿ ಆಕ್ಷನ್ ಪ್ಲಾನ್) ಎಂಬ ಯೋಜನೆ ಈ ಬಗೆಯದರಲ್ಲಿ ಹೆಚ್ಚು ಪ್ರಸಿದ್ಧ. ಒಹಾಯೊ ರಾಜ್ಯದಲ್ಲಿ 519 ಜನರ ಮೇಲೆ ಅದರ ಪರೀಕ್ಷೆ ನಡೆಯಿತು. ಫಲಿತಾಂಶ ಪ್ರಕಟವಾದದ್ದು 2012ರಲ್ಲಿ. ವಾರಕ್ಕೆ ಎರಡೂವರೆ ಗಂಟೆಯಂತೆ ಎಂಟು ವಾರ ಅನುಭವಿಗಳೇ (ಕಾಯಿಲೆಯನ್ನು ಸ್ವತಃ ಕಂಡವರೇ) ಪಾಠ ನಡೆಸಿದರು. ಸೇರಿದವರಲ್ಲಿ ಸೇರದವರಿಗಿಂತ ಲಕ್ಷಣಗಳ ತೀವ್ರತೆ ಹೆಚ್ಚು ಇಳಿಯಿತು, ಭರವಸೆ ಏರಿತು. ಅವರಾರೂ ಇದಕ್ಕಾಗಿ ಮಾಮೂಲಿ ಚಿಕಿತ್ಸೆ ಬಿಟ್ಟವರಲ್ಲ ಎಂಬುದನ್ನು ನೆನಪಿಡಿ.

ಇಂಗ್ಲೆಂಡಿನ ಪರೀಕ್ಷೆ, 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು, ನಮಗೆ ಇನ್ನೂ ಉಪಯುಕ್ತ. ತೀವ್ರ ಬಿಕ್ಕಟ್ಟಿನ ಚಿಕಿತ್ಸೆ ಮುಗಿಸಿದ 441 ಜನರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ಸ್ವಯಂ ನಿರ್ವಹಣೆಯ ಅಭ್ಯಾಸಪುಸ್ತಕದ ಜೊತೆಗೆ ಒಬ್ಬ ಅನುಭವಿ ಜೊತೆಗಾರನೊಂದಿಗೆ ಹತ್ತು ಭೇಟಿಗಳ ಅವಕಾಶ. ಇನ್ನೊಂದು ಪಾಲಿಗೆ ಅದೇ ಪುಸ್ತಕ, ಆದರೆ ಅಂಚೆಯಲ್ಲಿ. ಒಂದು ವರ್ಷದೊಳಗೆ ಮತ್ತೆ ತೀವ್ರ ಚಿಕಿತ್ಸೆಗೆ ಮರಳಿದವರು ಜೊತೆಗಾರನಿದ್ದ ಪಾಲಿನಲ್ಲಿ ಶೇ. 29, ಬರೀ ಪುಸ್ತಕ ಸಿಕ್ಕ ಪಾಲಿನಲ್ಲಿ ಶೇ. 38. ಪುಸ್ತಕ ಎರಡೂ ಕಡೆ ಇತ್ತು. ಜೊತೆಗೆ ಕೂತು ತುಂಬಿಸುವವರು ಒಂದೇ ಕಡೆ ಇದ್ದರು. ಈ ಲೇಖನದ ಅರ್ಧ ಭಾಗ ಹುಟ್ಟಿದ್ದೇ ಆ ವ್ಯತ್ಯಾಸದಿಂದ.

ಇನ್ನು ಎಚ್ಚರಿಕೆಯ ಮಾತು. 18 ಪರೀಕ್ಷೆಗಳನ್ನು ಒಟ್ಟಿಗೆ ನೋಡಿದ 2014ರ ಒಂದು ಅವಲೋಕನ, ಪೀರ್ ಬೆಂಬಲದಿಂದ ಭರವಸೆ ಮತ್ತು ಚೇತರಿಕೆಯ ಭಾವನೆಗೆ ಸ್ವಲ್ಪ ಲಾಭವಿದೆ, ಆಸ್ಪತ್ರೆ ಸೇರುವುದು ತಪ್ಪುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ, ಹಲವು ಪರೀಕ್ಷೆಗಳ ಗುಣಮಟ್ಟವೂ ಕಡಿಮೆ ಎಂದಿತು. ಹಾಗಾಗಿ "ಗುಂಪಿಗೆ ಬನ್ನಿ, ಕಾಯಿಲೆ ಮರುಕಳಿಸುವುದಿಲ್ಲ" ಎಂದು ಯಾರಿಗೂ ಮಾತು ಕೊಡಬೇಡಿ. ಭಾರತದಲ್ಲಿ ಗುಜರಾತಿನ ಸರಕಾರಿ ಆಸ್ಪತ್ರೆಗಳಲ್ಲೂ, ಹಲವು ದೇಶಗಳು ಸೇರಿ ನಡೆಸಿದ "ಅಪ್‌ಸೈಡ್ಸ್" ಯೋಜನೆಯಡಿ ಪುಣೆಯಲ್ಲೂ ಪೀರ್ ಬೆಂಬಲದ ಕೆಲಸ ಆಗಿದೆ.

"ರ‍್ಯಾಪ್" ಹೆಸರಿನಲ್ಲಿ ತರಗತಿ ನಡೆಸಲು ಅವರದೇ ತರಬೇತಿ, ಪ್ರಮಾಣಪತ್ರ ಬೇಕು. ಆ ಹೆಸರನ್ನು ನಿಮ್ಮ ಗುಂಪಿಗೆ ಇಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ "ಕ್ವಾಲಿಟಿರೈಟ್ಸ್" ಕೈಪಿಡಿಗಳಲ್ಲಿ ಚೇತರಿಕೆ ಯೋಜನೆಯದೂ ಪೀರ್ ಗುಂಪಿನದೂ ಬೇರೆ ಬೇರೆ ಇವೆ, ಉಚಿತವಾಗಿ ಸಿಗುತ್ತವೆ. ಕೆಳಗಿನ ಎಂಟು ವಾರಗಳ ಚೌಕಟ್ಟು ಈ ಎಲ್ಲದರ ಸಾಮಾನ್ಯ ತಿರುಳು.

1. ನಡೆಸುವವರನ್ನು ಆರಿಸಿ

ಇಬ್ಬರು ಬೇಕು. ಒಬ್ಬರೇ ನಡೆಸಲು ಹೊರಡಬೇಡಿ. ಯಾರಾದರೂ ಅಳುತ್ತಾ ಎದ್ದು ಹೋದರೆ ಒಬ್ಬರು ಅವರ ಹಿಂದೆ ಹೋಗಬೇಕು, ಇನ್ನೊಬ್ಬರು ಉಳಿದವರ ಜೊತೆ ಇರಬೇಕು. ಅಲ್ಲದೆ ನಡೆಸುವವರಿಗೂ ಕಾಯಿಲೆ ಇದೆ, ಅವರಿಗೂ ಕೆಟ್ಟ ವಾರ ಬರುತ್ತದೆ. ಇಬ್ಬರಲ್ಲೊಬ್ಬರಿಗೆ ಬರಲಾಗದ ದಿನಕ್ಕೆಂದು ಮೂರನೆಯವರೊಬ್ಬರಿದ್ದರೆ ಅನುಕೂಲ.

ಅರ್ಹತೆ ಏನು? ಸ್ವಂತ ಅನುಭವ, ಕೆಲವು ತಿಂಗಳಿಂದ ಸ್ಥಿರವಾದ ದಿನಚರಿ, ಕೆಳಗೆ ಹೇಳುವ ಯೋಜನೆಯನ್ನು ಮೊದಲು ತನಗೇ ಬರೆದು ಬಳಸಿದ ಅಭ್ಯಾಸ. ಚೆನ್ನಾಗಿ ಮಾತನಾಡುವವರಿಗಿಂತ ಸುಮ್ಮನೆ ಕೇಳಬಲ್ಲವರು ಮೇಲು. ನಮ್ಮ ಕಡೆ ವೇದಿಕೆ ಸಿಕ್ಕಿದರೆ ಭಾಷಣ ಶುರುವಾಗುತ್ತದೆ. ಎರಡೂವರೆ ಗಂಟೆಯಲ್ಲಿ ನಡೆಸುವವರ ಮಾತು ಮುಕ್ಕಾಲು ಗಂಟೆ ದಾಟಿದರೆ ಅದು ಪೀರ್ ಗುಂಪಲ್ಲ, ಕ್ಲಾಸು. "ಸರ್", "ಮೇಡಂ", "ಮಾಷ್ಟ್ರೇ" ಎಂದು ಕರೆಸಿಕೊಳ್ಳಬೇಡಿ. ಅಣ್ಣ, ಅಕ್ಕ, ಇಲ್ಲವೇ ಹೆಸರಿನ ಜೊತೆ "ಅವರೇ" ಸಾಕು.

ಬೆನ್ನಿಗೊಬ್ಬ ವೃತ್ತಿಪರರೂ ಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿಯನ್ನೋ ನೀವು ಹೋಗುವ ಮನೋರೋಗ ವಿಭಾಗದ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರನ್ನೋ (ರೋಗಿಯ ಮನೆ, ಕೆಲಸ, ಸೌಲಭ್ಯಗಳ ಕಡೆ ನೋಡುವವರು) ಕೇಳಿ. ಅವರು ಗುಂಪಿನಲ್ಲಿ ಕೂರುವುದು ಬೇಡ. ತೊಂದರೆ ಬಂದಾಗ ಫೋನ್ ಎತ್ತಿದರೆ ಸಾಕು.

2. ಜಾಗ, ಹೊತ್ತು, ಸಾಮಾನು

ಜಾಗದ ವಿಷಯದಲ್ಲಿ ಎಲ್ಲರೂ ಮೊದಲು ಎಡವುವುದು ಇಲ್ಲೇ: ಊರಿನ ಭಜನಾ ಮಂದಿರ ಅಥವಾ ಯುವಕ ಮಂಡಲದ ಹಾಲ್ ಪುಕ್ಕಟೆ ಸಿಗುತ್ತದೆ ಎಂದು ಅಲ್ಲೇ ಶುರು ಮಾಡುತ್ತಾರೆ. ಎದುರಿನ ಅಂಗಡಿಯವರು "ಇವತ್ತು ಯಾವ ಮೀಟಿಂಗ್?" ಎಂದು ಕೇಳಿದ ದಿನದಿಂದ ಅರ್ಧ ಜನ ಬರುವುದಿಲ್ಲ. ಮದುವೆ ಸಂಬಂಧ ಕೂಡಿಬರುವ ಊರಿನಲ್ಲಿ ಯಾರಿಗೂ ಈ ಸುದ್ದಿ ಬೇಡ. ಬಸ್ಸಿಗೆ ಹತ್ತಿರವಿರುವ, ಹತ್ತಾರು ಕೆಲಸಗಳಿಗೆ ಜನ ಬಂದುಹೋಗುವ ಕಟ್ಟಡ ಒಳ್ಳೆಯದು. ಮಂಗಳೂರಿನಲ್ಲಾದರೆ ಹಂಪನಕಟ್ಟೆ, ಜ್ಯೋತಿ, ಕಂಕನಾಡಿ ಸುತ್ತ. ಉಡುಪಿಯಲ್ಲಾದರೆ ಸರ್ವಿಸ್ ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ. ಕಾಲೇಜಿನ ಖಾಲಿ ಕೋಣೆ, ಗ್ರಂಥಾಲಯದ ಸಣ್ಣ ಕೋಣೆ, ಚರ್ಚಿನ ಪಕ್ಕದ ಹಾಲ್ ಆಗಬಹುದು. ಹೊರಗೆ ಬೋರ್ಡು ಹಾಕಲೇಬೇಕಾದರೆ "ಶನಿವಾರದ ತರಗತಿ" ಎಂದಿಷ್ಟೇ ಇರಲಿ.

ಬೆಳಿಗ್ಗೆ ಬೇಗ ಇಡಬೇಡಿ. ರಾತ್ರಿಯ ಮಾತ್ರೆಯ ಮಂಪರು ಹಲವರಿಗೆ ಹತ್ತು ಗಂಟೆಯವರೆಗೆ ಇಳಿಯುವುದಿಲ್ಲ. ಶನಿವಾರ ಮಧ್ಯಾಹ್ನ 2.30ರಿಂದ 5 ಹೊಂದುತ್ತದೆ: ಶುಕ್ರವಾರದ ನಮಾಜಿಗೂ ಭಾನುವಾರದ ಪೂಜೆಗೂ ಅಡ್ಡಬರುವುದಿಲ್ಲ, ಕತ್ತಲಾಗುವ ಮೊದಲು ಬಸ್ಸು ಸಿಗುತ್ತದೆ. ಬೀಡಿ ಕಟ್ಟುವ ಹೆಂಗಸರು ಹೆಚ್ಚಿದ್ದರೆ ಅವರು ಬ್ರಾಂಚಿಗೆ ಬೀಡಿ ಕೊಡುವ ದಿನ ಯಾವುದೆಂದು ಕೇಳಿ ಹೊತ್ತು ಬದಲಿಸಿ. ಶುರು ಮಾಡಲು ಸೆಪ್ಟೆಂಬರ್ ಅಥವಾ ಜನವರಿ ಒಳ್ಳೆಯದು. ಜೂನ್–ಜುಲೈಯಲ್ಲಿ ಆರಂಭಿಸಿದರೆ ಮಳೆಯೇ ಅರ್ಧ ಹಾಜರಿ ತಿನ್ನುತ್ತದೆ.

ಸಾಮಾನು: ಒಬ್ಬೊಬ್ಬರಿಗೆ ನೂರು ಪುಟದ ಒಂದು ನೋಟ್‌ಬುಕ್, ಪೆನ್ನು, ಗೋಡೆಗೆ ಅಂಟಿಸಲು ಡ್ರಾಯಿಂಗ್ ಶೀಟು, ಮಾರ್ಕರ್, ತುಂಬಾ ನೀರು. ಹಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಸಕ್ಕರೆ ಹಾಕದ ಚಹಾ ಮಾಡಿಸಿ ಸಕ್ಕರೆ ಬೇರೆ ಇಡಿ, ಏಕೆಂದರೆ ಕೆಲವು ಮನೋರೋಗ ಔಷಧಿಗಳಿಂದ ತೂಕ, ಸಕ್ಕರೆ ಕಾಯಿಲೆ ಏರುವುದು ಸಾಮಾನ್ಯ. ವಾರ ವಾರ ಗೋಳಿಬಜೆ ತರಿಸುವ ಉತ್ಸಾಹ ಬೇಡ.

3. ಸೇರಿಸಿಕೊಳ್ಳುವ ಮೊದಲು ಒಂದು ಮಾತುಕತೆ

ಎಂಟರಿಂದ ಹನ್ನೆರಡು ಜನ ಸಾಕು. ಆರಕ್ಕಿಂತ ಕಡಿಮೆಯಾದರೆ ಇಬ್ಬರು ಬಾರದ ದಿನ ಕೋಣೆ ಬಿಕೋ ಅನ್ನುತ್ತದೆ. ಹನ್ನೆರಡು ದಾಟಿದರೆ ಮೌನಿಗಳು ಮೌನಿಗಳಾಗಿಯೇ ಉಳಿಯುತ್ತಾರೆ. ಪ್ರತಿಯೊಬ್ಬರ ಜೊತೆ ಮೊದಲೇ ಇಪ್ಪತ್ತು ನಿಮಿಷ ಮಾತನಾಡಿ. ಕೇಳಬೇಕಾದದ್ದು ಮೂರು: ಬರಲು ನಿಮಗೇ ಮನಸ್ಸಿದೆಯೇ, ಮನೆಯವರು ಕಳುಹಿಸಿದ್ದೇ? ಚಿಕಿತ್ಸೆ ಎಲ್ಲಿ ನಡೆಯುತ್ತಿದೆ? ತೊಂದರೆಯಾದರೆ ಯಾರಿಗೆ ಫೋನ್ ಮಾಡಲಿ? ಕಾಯಿಲೆಯ ಹೆಸರು ಕೇಳಬೇಡಿ. ಅವರೇ ಹೇಳಿದರೆ ಹೇಳಲಿ. ಸದ್ಯ ತೀವ್ರ ಹಂತದಲ್ಲಿರುವವರಿಗೆ "ಬೇಡ" ಎನ್ನದೆ "ಮುಂದಿನ ಬ್ಯಾಚಿಗೆ ಬನ್ನಿ, ಅಲ್ಲಿವರೆಗೆ ಡಾಕ್ಟರನ್ನು ಕಾಣೋಣ" ಎನ್ನಿ.

ಅಮ್ಮನೋ ಗಂಡನೋ ಜೊತೆಗೆ ಬಂದೇ ಬರುತ್ತಾರೆ. ಒಳಗೆ ಕೂರಿಸಬೇಡಿ. ಅವರಿಗೆ ಬೇರೆ ಕುರ್ಚಿ, ಚಹಾ ಕೊಟ್ಟು, ಏಳನೇ ವಾರ ಅವರಿಗಾಗಿಯೇ ಒಂದು ಗಂಟೆ ಇದೆ ಎಂದು ಮೊದಲೇ ಹೇಳಿ.

4. ಮೊದಲ ವಾರ: ಕಟ್ಟುಪಾಡು

ಪ್ರತಿ ವಾರದ 150 ನಿಮಿಷವನ್ನು ಹೀಗೆ ಹಂಚಿ: ಬಂದವರ ಸುತ್ತು ವಿಚಾರಣೆ 15, ಆ ವಾರದ ವಿಷಯ 45, ಬಿಡುವು 15, ಬರೆಯುವುದು ಮತ್ತು ಇಬ್ಬಿಬ್ಬರಾಗಿ ಹಂಚಿಕೊಳ್ಳುವುದು 50, ಮುಗಿಸುವ ಸುತ್ತು 25. ಕೊನೆಯ 25 ನಿಮಿಷ ಕತ್ತರಿಸಲು ಹೋಗಬೇಡಿ. ಮನಸ್ಸು ಕಲಕಿದ ಮಾತು ಎದ್ದ ಮೇಲೆ ಅದನ್ನು ಹಾಗೇ ಬಿಟ್ಟು ಬಸ್ ಹತ್ತಿಸಿದರೆ ರಾತ್ರಿ ನಿದ್ದೆ ಹೋಗುತ್ತದೆ.

ಕಟ್ಟುಪಾಡುಗಳನ್ನು ಗುಂಪೇ ಬರೆಯಲಿ. ಆದರೆ ಈ ಐದು ಬಿಟ್ಟುಹೋಗಬಾರದು.

ಇಲ್ಲಿ ಕೇಳಿದ್ದು ಹೊರಗೆ ಹೋಗುವುದಿಲ್ಲ. ಜೀವಕ್ಕೆ ಅಪಾಯವಿದೆ ಎನಿಸಿದಾಗ ಮಾತ್ರ ಹೋಗುತ್ತದೆ, ಆಗಲೂ ನಿಮಗೆ ಹೇಳಿಯೇ. ಯಾರೂ ಯಾರಿಗೂ ಮಾತ್ರೆಯ ಸಲಹೆ ಕೊಡುವುದಿಲ್ಲ, ಮಾತ್ರೆ ಹಂಚಿಕೊಳ್ಳುವುದಿಲ್ಲ. ಮಾತನಾಡದೇ ಇರುವ ಹಕ್ಕು ಎಲ್ಲರಿಗೂ ಇದೆ. ಬಸ್ಸಿನಲ್ಲೋ ಮಾರ್ಕೆಟಿನಲ್ಲೋ ಸಿಕ್ಕಿದರೆ ಅವರು ಮಾತನಾಡಿಸಿದರಷ್ಟೇ ಮಾತು. ಐದನೆಯದು ಹಣ: ಸಾಲ, ಚೀಟಿ, ಉಳಿತಾಯ, ಇನ್ಶೂರೆನ್ಸ್, ಯಾವುದೂ ಇಲ್ಲ. ಸ್ವಸಹಾಯ ಸಂಘಗಳ ನಾಡು ನಮ್ಮದು. ವಾರಕ್ಕೊಮ್ಮೆ ಹತ್ತು ಜನ ಸೇರಿದರೆ ನಾಲ್ಕನೇ ವಾರಕ್ಕೆ ಯಾರಾದರೂ "ನೂರು ನೂರು ಹಾಕೋಣ" ಎನ್ನುತ್ತಾರೆ. ಹೆಚ್ಚು ಉತ್ಸಾಹದ ಹಂತದಲ್ಲಿರುವವರು (ಡಾಕ್ಟರುಗಳು ಮೇನಿಯಾ ಎನ್ನುವ ಸ್ಥಿತಿ) ಕೈಬಿಚ್ಚಿ ಕೊಡುತ್ತಾರೆ, ಇಳಿದ ಮೇಲೆ ನಾಚಿ ಗುಂಪನ್ನೇ ಬಿಡುತ್ತಾರೆ. ಹಣ ಬಂದ ಗುಂಪು ಉಳಿಯುವುದಿಲ್ಲ.

ಭಾಷೆಯ ಬಗ್ಗೆಯೂ ಅಂದೇ ತೀರ್ಮಾನಿಸಿ. ಮಾತು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಬರಲಿ. ಬರೆಯುವುದು ಅವರವರಿಗೆ ಕೈಬಂದ ಹಾಗೆ. ಬರೆಯಲು ಬಾರದವರು ಚಿತ್ರ ಹಾಕಲಿ, ಇಲ್ಲವೇ ಜೊತೆಗಾರರು ಅವರ ಮಾತನ್ನೇ ಬರೆದುಕೊಡಲಿ. ತಿದ್ದಬೇಡಿ. "ಮರ್ಲ್" (ತುಳುವಿನಲ್ಲಿ ಹುಚ್ಚು) ಎಂಬ ಮಾತನ್ನು ತಮ್ಮ ಬಗ್ಗೆಯೇ ತಮಾಷೆಗೆ ಹೇಳಿಕೊಳ್ಳುವವರಿರುತ್ತಾರೆ. ತನ್ನ ಬಗ್ಗೆ ಹೇಳಿಕೊಂಡರೆ ಸರಿ, ಬೇರೆಯವರ ಮೇಲೆ ಬೇಡ.

5. ಎರಡು ಮತ್ತು ಮೂರನೇ ವಾರ: ಆಗಿಬರುವುದರ ಪಟ್ಟಿ, ದಿನಚರಿ

ಎರಡನೇ ವಾರ ಪ್ರತಿಯೊಬ್ಬರೂ ತಮಗೆ ಆಗಿಬರುವ ಹದಿನೈದು ಸಂಗತಿ ಬರೆಯಬೇಕು. "ಖುಷಿಯಾಗಿರುವುದು" ನಡೆಯುವುದಿಲ್ಲ. "ಸಂಜೆ ಪಣಂಬೂರು ಕಡಲ ತೀರದಲ್ಲಿ ಅರ್ಧ ಗಂಟೆ", "ಮಲ್ಪೆಯಲ್ಲಿರುವ ಚಿಕ್ಕಮ್ಮನಿಗೆ ಫೋನ್", "ಕೆಸುವಿನೆಲೆ ಕೊಯ್ದು ಪತ್ರೊಡೆಗೆ ಹದ ಮಾಡುವುದು": ಹೀಗೆ ಎದ್ದು ಮಾಡಬಹುದಾದದ್ದು ಇರಬೇಕು. ಅದರಲ್ಲಿ ಐದಾದರೂ ದುಡ್ಡಿಲ್ಲದೆ, ಮಳೆಯಲ್ಲೂ, ಒಬ್ಬರೇ ಮಾಡುವಂಥವಾಗಿರಲಿ. ಜೋರು ಮಳೆಯ ಆಟಿ ತಿಂಗಳಲ್ಲಿ ಕರೆಂಟು ಹೋಗಿ ಮನೆಯೊಳಗೇ ಉಳಿದ ದಿನಕ್ಕೆ ಕಡಲ ತೀರದ ಪಟ್ಟಿ ಯಾವ ಉಪಯೋಗಕ್ಕೂ ಬಾರದು.

ದೈವದ ದರ್ಶನ, ಚರ್ಚಿನ ಪ್ರಾರ್ಥನೆ, ದರ್ಗಾದ ಹರಕೆ ಈ ಪಟ್ಟಿಗೆ ಬಂದೇ ಬರುತ್ತವೆ. ವಾದಕ್ಕಿಳಿಯಬೇಡಿ; ಅದರಿಂದ ಶಕ್ತಿ ಬರುತ್ತದೆ ಎಂದವರಿಗೆ ಅದು ಪಟ್ಟಿಯಲ್ಲಿರಲಿ. ಗೆರೆ ಎಳೆಯಬೇಕಾದದ್ದು ಎರಡು ಕಡೆ: ಮಾತ್ರೆ ನಿಲ್ಲಿಸಲು ಹೇಳಿದಾಗ, ಹೊಡೆಯುವುದು–ಕಟ್ಟಿಹಾಕುವುದು ಬಂದಾಗ. ಸಂಕೋಲೆ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾವ ರೂಪದಲ್ಲೂ ನಿಷೇಧಿಸಿದೆ.

ಮೂರನೇ ವಾರದ ದಿನಚರಿ ಬೇಗ ಮುಗಿಯುತ್ತದೆ. ಏಳುವ ಹೊತ್ತು, ಮಾತ್ರೆ, ಊಟ, ಸ್ನಾನ, ಒಬ್ಬರ ಜೊತೆಗಾದರೂ ಮಾತು, ಮಲಗುವ ಹೊತ್ತು. ಏಳು ಸಾಲಿಗಿಂತ ಉದ್ದ ಬರೆದವರು ಎರಡನೇ ದಿನಕ್ಕೆ ಬಿಡುತ್ತಾರೆ.

6. ನಾಲ್ಕನೇ ವಾರ: ಕೆಡಿಸುವ ಸಂಗತಿಗಳು

ಹೊರಗಿನಿಂದ ಬಂದು ನಮ್ಮನ್ನು ಅಲುಗಾಡಿಸುವಂಥವು ಇವು. ಮನೆಯ ಜಗಳ, ಸಾಲ, ಸಾವು ಎಲ್ಲರ ಪಟ್ಟಿಯಲ್ಲೂ ಇರುತ್ತವೆ. ಕರಾವಳಿಯಲ್ಲಿ ಜನ ಬರೆಯಲು ಮರೆಯುವುದು ನಿದ್ದೆಗೆಟ್ಟ ರಾತ್ರಿ. ಬೈಪೋಲಾರ್ ಇರುವವರಲ್ಲಿ ನಿದ್ದೆ ತಪ್ಪುವುದೇ ಮೇನಿಯಾಕ್ಕೆ ದಾರಿಯಾಗಬಹುದು ಎಂಬುದು ಚೆನ್ನಾಗಿ ಗೊತ್ತಿರುವ ವಿಷಯ. ನಮ್ಮಲ್ಲಿ ದೀಪಾವಳಿಯ ನಂತರ ಮೇಳಗಳು ಹೊರಟರೆ ಮೇ ಕೊನೆಯ ಪತ್ತನಾಜೆಯವರೆಗೂ ಯಕ್ಷಗಾನ. ನಡುವೆ ಕೋಲ, ನೇಮ, ಕಂಬಳ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಉಡುಪಿಯ ಪರ್ಯಾಯದ ರಾತ್ರಿ. ಯಾರಿಗೂ "ಹೋಗಬೇಡಿ" ಎನ್ನಲಾಗದು, ಎನ್ನಲೂಬಾರದು. ಯೋಜನೆ ಹೀಗಿರಲಿ: ಕಾಲಮಿತಿ ಆಟ (ಬೆಳಗಿನವರೆಗೆ ಎಳೆಯದ ಯಕ್ಷಗಾನ) ಇದ್ದರೆ ಅದಕ್ಕೇ ಹೋಗುವುದು, ಮನೆಯ ನೇಮವಾದರೆ ಮಧ್ಯರಾತ್ರಿಯೊಳಗೆ ಮಲಗಲು ಪಕ್ಕದ ಮನೆಯಲ್ಲಿ ಜಾಗ ಗೊತ್ತು ಮಾಡಿಕೊಳ್ಳುವುದು, ರಾತ್ರಿಯ ಮಾತ್ರೆಯನ್ನು ಚೀಲದಲ್ಲಿ ಇಟ್ಟುಕೊಳ್ಳುವುದು, ಸತತ ಎರಡು ರಾತ್ರಿ ಎಚ್ಚರ ಇಲ್ಲವೇ ಇಲ್ಲ.

ಇನ್ನೊಂದು ಸೆಕೆ. ಲಿಥಿಯಂ (ಬೈಪೋಲಾರ್‌ಗೆ ಕೊಡುವ ಔಷಧಿ) ತೆಗೆದುಕೊಳ್ಳುವವರು ಬೆವರಿ, ವಾಂತಿ–ಭೇದಿಯಾಗಿ ಅಥವಾ ನೀರು ಬಿಟ್ಟು ಉಪವಾಸ ಮಾಡಿ ದೇಹದ ನೀರು ಕಳೆದುಕೊಂಡರೆ ರಕ್ತದಲ್ಲಿ ಔಷಧಿಯ ಪ್ರಮಾಣ ಅಪಾಯದ ಮಟ್ಟಕ್ಕೇರಬಹುದು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯಿಂದಲೂ ಏರುತ್ತದೆ. ಕೈ ನಡುಕ ಹೆಚ್ಚುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಅಂದೇ ಆಸ್ಪತ್ರೆಗೆ. ಏಕಾದಶಿ, ರಂಜಾನ್ ಉಪವಾಸಕ್ಕೆ ಮೊದಲೇ ಡಾಕ್ಟರನ್ನು ಕೇಳಬೇಕು. ಇದು ಮಾತ್ರೆಯ ಸಲಹೆಯಲ್ಲ, "ಡಾಕ್ಟರನ್ನು ಕೇಳಿ" ಎಂಬ ನೆನಪೋಲೆ. ಗುಂಪು ಈ ಗೆರೆ ದಾಟಬಾರದು. ಪ್ರತಿಯೊಬ್ಬರ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ "ಮುಂದಿನ ಭೇಟಿಯಲ್ಲಿ ಕೇಳಬೇಕಾದ ಮೂರು ಪ್ರಶ್ನೆ" ಎಂದು ಜಾಗ ಬಿಡಿ. ಒಪಿಡಿಯ ನೂಕುನುಗ್ಗಲಲ್ಲಿ ಬಾಯಿಗೆ ಬಾರದ ಪ್ರಶ್ನೆ ಚೀಟಿಯಲ್ಲಿದ್ದರೆ ಉತ್ತರ ಸಿಗುತ್ತದೆ.

7. ಐದು, ಆರನೇ ವಾರ: ಮುನ್ಸೂಚನೆ

ಇಡೀ ಎಂಟು ವಾರದಲ್ಲಿ ಹೆಚ್ಚು ಫಲ ಕೊಡುವುದು ಇದೇ, ಹೆಚ್ಚು ಕೆಡುವುದೂ ಇದೇ. ಮುನ್ಸೂಚನೆ ಒಳಗಿನಿಂದ ಬರುತ್ತದೆ: ಕಾಯಿಲೆ ತಲೆ ಎತ್ತುವ ಮೊದಲು ಕಾಣುವ ಸಣ್ಣ ಬದಲಾವಣೆ.

ಮೊದಲ ಸುತ್ತಿನಲ್ಲಿ ಎಲ್ಲರೂ ಬರೆಯುವುದು "ಬೇಜಾರಾಗುತ್ತದೆ", "ಟೆನ್ಶನ್ ಆಗುತ್ತದೆ". ಇದರಿಂದ ಏನೂ ಉಪಯೋಗವಿಲ್ಲ. ಬೇಜಾರು ಯಾರಿಗಿಲ್ಲ? ಬೇರೆಯವರ ಕಣ್ಣಿಗೂ ಬೀಳುವಂತೆ ಬರೆಸಿ: "ಎರಡು ದಿನ ಸ್ನಾನ ಮಾಡುವುದಿಲ್ಲ." "ರಾತ್ರಿ ಎರಡಕ್ಕೆ ಎದ್ದು ಕಪಾಟು ಜೋಡಿಸುತ್ತೇನೆ." "ದುಬಾಯಿಯಲ್ಲಿರುವ ಅಣ್ಣನಿಗೆ ದಿನಕ್ಕೆ ಹತ್ತು ಸಲ ಫೋನ್." "ಬಸ್ಸಿನಲ್ಲಿ ನನ್ನ ಬಗ್ಗೆಯೇ ಮಾತನಾಡುತ್ತಿದ್ದಾರೆ ಅನಿಸಿ ಮಧ್ಯದಲ್ಲೇ ಇಳಿಯುತ್ತೇನೆ." ಐದು ಸಾಕು. ಪ್ರತಿಯೊಂದರ ಮುಂದೆ ಎರಡು ಖಾನೆ: ಇದು ಮೊದಲು ಯಾರಿಗೆ ಗೊತ್ತಾಗುತ್ತದೆ? 24 ಗಂಟೆಯೊಳಗೆ ಏನು ಮಾಡುತ್ತೇನೆ?

ಎರಡನೇ ಖಾನೆಯಲ್ಲಿ ಎರಡನೇ ವಾರದ ಪಟ್ಟಿಯಿಂದ ಒಂದು ಕೆಲಸ, ಒಂದು ಫೋನ್ ಕರೆ ಇರಲಿ. ಸಂಖ್ಯೆ ಹಾಕಬಹುದಾದಲ್ಲಿ ಹಾಕಿ. "ನಿದ್ದೆ ಕಡಿಮೆಯಾದರೆ" ಎಂದು ಬರೆದವರು ಫೋನ್ ಮಾಡುವುದೇ ಇಲ್ಲ. "ಎರಡು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆಯಾದರೆ" ಎಂದು ಬರೆದವರು ಮಾಡುತ್ತಾರೆ. ಯಾವ ಸಂಖ್ಯೆ ಎಂಬುದನ್ನು ಅವರವರು ತಮ್ಮ ಡಾಕ್ಟರ ಜೊತೆ ಕೂತು ಹಾಕಿಕೊಳ್ಳಲಿ.

ಇನ್ನೊಂದು ಪುಟವನ್ನು ತಪ್ಪದೆ ಬರೆಸಿ: "ಇದು ಕಾಯಿಲೆಯಲ್ಲ, ನನ್ನ ಸ್ವಭಾವ." ಜೋರಾಗಿ ನಗುವುದು, ಅತ್ತೆಯ ಮಾತಿಗೆ ಎದುರಾಡುವುದು, ಭಾನುವಾರ ಹನ್ನೊಂದರವರೆಗೆ ಮಲಗುವುದು. ಈ ಪುಟವಿಲ್ಲದೆ ಮುನ್ಸೂಚನೆಯ ಪಟ್ಟಿ ಮನೆಯವರ ಕೈಗೆ ಸಿಕ್ಕಿದರೆ ಪ್ರತಿ ಕೋಪಕ್ಕೂ "ಮಾತ್ರೆ ತಗೊಂಡಿಲ್ವಾ?" ಎಂಬ ಪ್ರಶ್ನೆ ಎದುರಾಗುತ್ತದೆ, ನೋಟ್‌ಬುಕ್ ಹಾಸಿಗೆಯಡಿ ಸೇರುತ್ತದೆ.

ಆರನೇ ವಾರ ಅದೇ ಖಾನೆಗಳನ್ನು ಇನ್ನೂ ಗಂಭೀರ ಹಂತಕ್ಕೆ ತುಂಬಿಸಿ: ಧ್ವನಿಗಳು ಹೆಚ್ಚುವುದು, ಊಟ ಬಿಡುವುದು, ಸಾಯುವ ಯೋಚನೆ. ಇಲ್ಲಿ 24 ಗಂಟೆ ಕಾಯುವ ಮಾತಿಲ್ಲ. ಅಂದೇ ಡಾಕ್ಟರು, ಅಂದೇ ಜೊತೆಗೊಬ್ಬರು.

ಗುಂಪಿನಲ್ಲಿ ಯಾರಾದರೂ ಸಾಯುವ ಮಾತು ಆಡಿದರೆ ನಡೆಸುವವರು ಬಿಡುವಿನಲ್ಲಿ ಪಕ್ಕಕ್ಕೆ ಕರೆದು ನೇರವಾಗಿ ಕೇಳಬೇಕು: "ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು. ಹೌದೆಂದರೆ ಒಬ್ಬರನ್ನೇ ಬಸ್ ಹತ್ತಿಸಬೇಡಿ. ಅವರು ಮೊದಲೇ ಕೊಟ್ಟ ನಂಬರಿಗೆ ಅವರ ಎದುರೇ ಫೋನ್ ಮಾಡಿ. ತೋಟಕ್ಕೆ ತಂದ ಕೀಟನಾಶಕ, ಹೆಚ್ಚುವರಿ ಮಾತ್ರೆ ಬೀಗದೊಳಗೆ ಇಡಲು ಮನೆಯವರಿಗೆ ಹೇಳಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತನಾಡುತ್ತಾರೆ. ತಕ್ಷಣದ ಅಪಾಯವಿದ್ದರೆ 112, ಆಂಬುಲೆನ್ಸಿಗೆ 108.

8. ಏಳನೇ ವಾರ: ಬಿಕ್ಕಟ್ಟಿನ ಯೋಜನೆ

ತನಗಾಗಿ ತಾನು ನಿರ್ಧರಿಸಲಾಗದ ದಿನ ಬಂದರೆ ಏನಾಗಬೇಕೆಂದು, ನಿರ್ಧರಿಸಬಲ್ಲ ದಿನದಲ್ಲೇ ಬರೆದಿಡುವುದು ಇದು. ಬರೆಯಬೇಕಾದದ್ದು: ನಂಬುವ ಇಬ್ಬರ ಹೆಸರು, ನಂಬರು (ಒಬ್ಬರು ಗಲ್ಫಿನಲ್ಲಿದ್ದರೆ ಇನ್ನೊಬ್ಬರು ಇದೇ ಊರಿನವರಾಗಿರಲಿ), ಯಾವ ಆಸ್ಪತ್ರೆ, ಈಗಿನ ಔಷಧಿಗಳ ಹೆಸರು, ಪ್ರಮಾಣ, ಹಿಂದೆ ಯಾವುದರಿಂದ ಕೈಕಾಲು ಬಿಗಿದಿತ್ತು, ಯಾವುದು ಒಗ್ಗಲಿಲ್ಲ, ಮಕ್ಕಳನ್ನು ಶಾಲೆಯಿಂದ ಕರೆತರುವವರು ಯಾರು, ದನಕ್ಕೆ ಹುಲ್ಲು ಹಾಕುವವರು ಯಾರು, ಅಂಗಡಿಯ ಬೀಗ ಯಾರ ಕೈಗೆ, ಎಟಿಎಂ ಕಾರ್ಡು ಯಾರಿಗೆ, ಎಷ್ಟು ದಿನಕ್ಕೆ, ಕೆಲಸದಲ್ಲಿ ಏನೆಂದು ಹೇಳಬೇಕು. ಯಾರು ನೋಡಲು ಬರಬಾರದು ಎಂಬುದನ್ನೂ ಬರೆಯಬಹುದು. ಹೆಚ್ಚಿನವರು ಪೆನ್ನು ಬೇಗ ಓಡಿಸುವುದು ಆ ಸಾಲಿನಲ್ಲೇ.

ಬೀಡಿ–ಸಿಗರೇಟು ಸೇದುವವರು ಕ್ಲೊಜಾಪಿನ್ (ಸ್ಕಿಜೋಫ್ರೇನಿಯಾಕ್ಕೆ ಕೊಡುವ ಒಂದು ಔಷಧಿ) ತೆಗೆದುಕೊಳ್ಳುತ್ತಿದ್ದರೆ ಅದನ್ನೂ ನಮೂದಿಸಲಿ. ಆಸ್ಪತ್ರೆಯಲ್ಲಿ ಸೇದುವುದು ನಿಂತಾಗ ರಕ್ತದಲ್ಲಿ ಆ ಔಷಧಿಯ ಪ್ರಮಾಣ ಏರುತ್ತದೆ, ಡಾಕ್ಟರಿಗೆ ಗೊತ್ತಿರಬೇಕು.

ನೋಟ್‌ಬುಕ್ಕಿನ ಪುಟಕ್ಕೆ ಅದರಷ್ಟಕ್ಕೇ ಕಾನೂನಿನ ಬಲವಿಲ್ಲ. ಅದಕ್ಕಾಗಿ 2017ರ ಕಾಯ್ದೆಯಲ್ಲಿ "ಮುಂಗಡ ನಿರ್ದೇಶನ" ಎಂಬ ದಾಖಲೆ ಇದೆ: ಕಾಯಿಲೆ ಬಂದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು 18 ತುಂಬಿದ ಯಾರೇ ಆದರೂ ಬರೆದಿಡಬಹುದು, ತಮ್ಮ ಪರವಾಗಿ ಮಾತನಾಡಲು ಒಬ್ಬ "ನಾಮನಿರ್ದೇಶಿತ ಪ್ರತಿನಿಧಿ"ಯನ್ನು ಹೆಸರಿಸಬಹುದು. 2018ರ ನಿಯಮಗಳಲ್ಲಿ ಇದಕ್ಕೆ "ಸಿಆರ್-ಎ" ಎಂಬ ನಮೂನೆ ಇದೆ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಮನಸ್ಸು ಬದಲಾದರೆ ಬದಲಿಸಬಹುದು. ಎರಡು ಮಿತಿ ಗೊತ್ತಿರಲಿ. ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ. ಪ್ರತಿಯನ್ನು ಬೇಕಾದ ಹೊತ್ತಿಗೆ ವೈದ್ಯರ ಕೈ ಸೇರಿಸುವ ಹೊಣೆ ಬರೆದವರದು ಮತ್ತು ಪ್ರತಿನಿಧಿಯದು. ಆದ್ದರಿಂದ ಒಂದು ಪ್ರತಿ ಪ್ರತಿನಿಧಿಯ ಮನೆಯಲ್ಲಿ, ಒಂದು ಆಸ್ಪತ್ರೆಯ ಫೈಲಿನಲ್ಲಿ, ಒಂದು ಫೋಟೊ ಮೊಬೈಲಿನಲ್ಲಿ.

ಅಂದೇ ಮನೆಯವರಿಗೆ ಒಂದು ಗಂಟೆ. ಯಾವ ಪುಟ ತೋರಿಸಬೇಕೆಂದು ಬರೆದವರೇ ಆರಿಸಲಿ.

9. ಎಂಟನೇ ವಾರ: ಬಿಕ್ಕಟ್ಟಿನ ನಂತರ

ಆಸ್ಪತ್ರೆಯಿಂದ ಬಂದ ಮೊದಲ ಎರಡು ವಾರದ ಪಟ್ಟಿ. ಯಾವ ಕೆಲಸ ಮೊದಲ ದಿನದಿಂದ, ಯಾವುದು ಹದಿನೈದು ದಿನದ ನಂತರ? ನೋಡಲು ಬರುವ ನೆಂಟರನ್ನು ತಡೆಯುವವರು ಯಾರು? ಗುಂಪಿಗೆ ಮರಳುವಾಗ ಏನೆಂದು ಕೇಳಬೇಕು, ಏನು ಕೇಳಬಾರದು? ನಂತರ ಇಡೀ ನೋಟ್‌ಬುಕ್ ತಿರುವಿ, ಬಳಸದ ಪುಟಗಳನ್ನು ಹೊಡೆದು ಹಾಕಿಸಿ.

10. ಫಲ ಸಿಕ್ಕಿದೆಯೇ ಎಂದು ನೋಡುವುದು

ಮೊದಲ ವಾರ, ಎಂಟನೇ ವಾರ, ಆರು ತಿಂಗಳ ನಂತರ, ಮೂರು ಸಲವೂ ಅದೇ ನಾಲ್ಕು ಪ್ರಶ್ನೆ ಕೇಳಿ, ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿಸಿ: ಮುಂದಿನ ದಿನಗಳ ಬಗ್ಗೆ ಭರವಸೆ ಎಷ್ಟು? ಕಷ್ಟ ಬಂದರೆ ಕರೆಯಲು ಜನರಿದ್ದಾರೆಯೇ? ನನ್ನ ಚಿಕಿತ್ಸೆಯ ಬಗ್ಗೆ ನನ್ನ ಮಾತು ನಡೆಯುತ್ತದೆಯೇ? ಕಳೆದ ವಾರ ಮಾಡಬೇಕೆಂದಿದ್ದನ್ನು ಎಷ್ಟು ಮಾಡಿದೆ? ಇದು ಗುಂಪು ತನಗೆ ತಾನೇ ನೋಡಿಕೊಳ್ಳುವ ಲೆಕ್ಕ, ಸಂಶೋಧನೆಯಲ್ಲ. ನಡುವೆ ಬಿಟ್ಟುಹೋದವರನ್ನು ಫೋನ್ ಮಾಡಿ ಕೇಳದಿದ್ದರೆ ಲೆಕ್ಕ ಸುಳ್ಳಾಗುತ್ತದೆ, ಉಳಿದವರು ಹೇಗೂ ಒಳ್ಳೆಯ ಅಂಕವನ್ನೇ ಹಾಕುತ್ತಾರೆ.

ನಿಜವಾದ ಅಧ್ಯಯನ ಮಾಡಬೇಕೆಂದು ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ) ವಿದ್ಯಾರ್ಥಿಗಳು ಬಂದಾರು. ರೋಶನಿ ನಿಲಯದಂಥ ಸಮಾಜಕಾರ್ಯದ ಕಾಲೇಜು ಇರುವ ಊರಿದು, ಮಣಿಪಾಲವೂ ಹತ್ತಿರ. ಬಂದರೆ ಒಳ್ಳೆಯದೇ. ಸಂಸ್ಥೆಯ ನೈತಿಕ ಸಮಿತಿಯ (ಸಂಶೋಧನೆಯಿಂದ ಜನರಿಗೆ ಹಾನಿಯಾಗದಂತೆ ನೋಡುವ ಸಮಿತಿ) ಅನುಮತಿ ಪತ್ರ ಮೊದಲು ಕೇಳಿ. ಒಪ್ಪಿಗೆ ಪತ್ರ ಸದಸ್ಯರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಒಪ್ಪದವರೂ ಗುಂಪಿನಲ್ಲಿ ಉಳಿಯುವಂತಿರಬೇಕು. ಪ್ರಶ್ನೆಗಳನ್ನು ರೂಪಿಸುವಾಗಲೇ ಇಬ್ಬರು ಸದಸ್ಯರನ್ನು ಕೂರಿಸಿಕೊಳ್ಳಲು ಒಪ್ಪುವವರಿಗೆ ಹೂಂ ಎನ್ನಿ, ಬರೀ ಫಾರ್ಮ್ ತುಂಬಿಸಿಕೊಂಡು ಹೋಗುವವರಿಗೆ ಬೇಡ.

ಎಂಟು ವಾರ ಮುಗಿದ ಮೇಲೆ

ವಾರದ ಸಭೆ ನಿಲ್ಲಿಸಿ ತಿಂಗಳಿಗೊಂದು ಮಾಡಿ, ದಿನ ಗೊತ್ತಿರಲಿ: ಎರಡನೇ ಶನಿವಾರ. ವಾಟ್ಸಾಪ್ ಗುಂಪು ಬೇಕೆಂದರೆ ಸಭೆಯ ದಿನ, ಜಾಗ ತಿಳಿಸಲು ಮಾತ್ರ. ಫಾರ್ವರ್ಡ್ ಇಲ್ಲ, ರಾತ್ರಿ ಒಂಬತ್ತರ ಮೇಲೆ ಇಲ್ಲ, ಬಿಕ್ಕಟ್ಟಿನ ಮಾತು ಅಲ್ಲಿ ಹಾಕುವಂತಿಲ್ಲ. ಮಧ್ಯರಾತ್ರಿಯ ಮೆಸೇಜನ್ನು ಹತ್ತು ಜನ ನೋಡಿ, ಇನ್ನೊಬ್ಬರು ಉತ್ತರಿಸಿಯಾರು ಎಂದು ಹತ್ತು ಜನವೂ ಸುಮ್ಮನಿರುತ್ತಾರೆ. ಅದಕ್ಕೆ ಇಬ್ಬಿಬ್ಬರ ಜೋಡಿ ಮಾಡಿ, ವಾರಕ್ಕೊಂದು ಕರೆ ನಿಗದಿ ಮಾಡಿ.

ಮಳೆಗಾಲದ ಮೂರು ತಿಂಗಳು ಸಭೆಗೆ ಬರಲಾಗದವರಿಗೆ ಆ ಜೋಡಿ ಕರೆಯೇ ಸಭೆ. ದೂರದ ಬೆಳ್ತಂಗಡಿ, ಕುಂದಾಪುರ ಕಡೆಯವರಿಗೆ ತಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ವಿಚಾರಿಸಿ ("ಮನೋಚೈತನ್ಯ" ಕಾರ್ಯಕ್ರಮ ಎಂದರೆ ತಿಳಿಯುತ್ತದೆ), ಅದೇ ದಿನ ಅಲ್ಲೇ ಹತ್ತಿರ ಸೇರಲು ಹೇಳಿ. ಹೇಗೂ ಮಾತ್ರೆಗೆ ಬರುವವರು ಇನ್ನೊಂದು ಬಸ್ ಚಾರ್ಜು ಹಾಕಬೇಕಿಲ್ಲ. ಮುಂದಿನ ಬ್ಯಾಚನ್ನು ಈ ಬ್ಯಾಚಿನ ಇಬ್ಬರು ನಡೆಸಲಿ, ಹಳಬರಲ್ಲಿ ಒಬ್ಬರು ಮೊದಲ ಮೂರು ವಾರ ಮೂಲೆಯಲ್ಲಿ ಕೂತಿರಲಿ.